ಬೈಕ್ ಅದುರಿದರೆ ಮೊದಲು ಕ್ಲಚ್ ಹಿಡಿದು ನೋಡಿ

ಟೂರಿಂಗ್ ಬೈಕ್ ಅದುರುತ್ತಿದೆ ಅಂದರೆ ಸಾಕು, ‘ಚೈನ್ ಸೆಟ್ ಬದಲಾಯಿಸಿ’ ಅನ್ನೋ ಸಲಹೆ ಬರುತ್ತೆ. ನನಗೂ ಬಂತು. ದುಡ್ಡು ಸುರಿಯೋ ಮೊದಲು ನನಗೆ ಒಂದು ವಿಷಯ ಗೊತ್ತಾಗಬೇಕಿತ್ತು: ಈ ಅದುರು ಎಂಜಿನ್ ಜೊತೆ ಏರಿಳಿಯುತ್ತಾ, ಚಕ್ರದ ಜೊತೆನಾ?

ನನ್ನದು ಸಿಂಗಲ್ ಸಿಲಿಂಡರ್ ಗಾಡಿ. ಹಿಂದೆ 17 ಇಂಚಿನ ಅಲಾಯ್ ಚಕ್ರ, ಟ್ಯೂಬ್‌ಲೆಸ್ ಟೈರ್. ಹಿಂದಿನ ಟೈರ್ ಹೊಸದು ಹಾಕಿಸಿ ಹಾಸನದ ಕಡೆ ಹೊರಟಾಗ, ನೆಲಮಂಗಲ ದಾಟಿ 80ರ ವೇಗಕ್ಕೆ ಬಂದ ಕೂಡಲೇ ಸೀಟಿನಡಿ ಧಡಧಡ ಶುರುವಾಯಿತು. ಹಿಂದೆ ಗಾಡಿಗಳಿಲ್ಲದ ನೇರ ರಸ್ತೆ ನೋಡಿಕೊಂಡು ಕ್ಲಚ್ ಹಿಡಿದೆ. ಎಂಜಿನ್ ಐಡಲ್‌ಗೆ ಇಳಿಯಿತು, ಧಡಧಡ ಹಾಗೇ ಇತ್ತು. ಅದೇ ವೇಗದಲ್ಲಿ ಒಂದು ಗೇರ್ ಇಳಿಸಿದರೂ ವ್ಯತ್ಯಾಸವಿಲ್ಲ. ಅಂದರೆ ಇದು ಎಂಜಿನ್ ಕೆಲಸ ಅಲ್ಲ.

ಲೆಕ್ಕವೂ ಅದನ್ನೇ ಹೇಳುತ್ತೆ. ಈ ಟೈರಿನ ಸುತ್ತಳತೆ ಸುಮಾರು 2 ಮೀಟರ್. ಗಂಟೆಗೆ 80 ಕಿ.ಮೀ. ಅಂದರೆ ಸೆಕೆಂಡಿಗೆ 22 ಮೀಟರ್, ಚಕ್ರ ಸುತ್ತೋದು 11 ಸಲ. ಎಂಜಿನ್ 4,500 ಆರ್‌ಪಿಎಂನಲ್ಲಿ ಸೆಕೆಂಡಿಗೆ 75 ಸಲ ತಿರುಗುತ್ತೆ. ಮೊದಲನೆಯದು ಮೈಗೆ ಗುದ್ದಿನ ಹಾಗೆ ಬಡಿಯುತ್ತೆ, ಎರಡನೆಯದು ಕೈಕಾಲು ಜುಮ್ಮೆನ್ನಿಸುತ್ತೆ.

ಮನೆಯಲ್ಲಿ ಸೆಂಟರ್ ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರ ಹಿಡಿದು ಅಲುಗಾಡಿಸಿದೆ, ಬೇರಿಂಗ್‌ನಲ್ಲಿ ಆಟ ಇರಲಿಲ್ಲ. ಕ್ಲಚ್ ಹಿಡಿದರೂ ಚೈನ್ ಸುತ್ತುತ್ತಲೇ ಇರುತ್ತೆ, ಹಾಗಾಗಿ ಅದನ್ನೂ ಬಿಡುವಂತಿಲ್ಲ. ಚಕ್ರ ತಿರುಗಿಸುತ್ತಾ ಅಲ್ಲಲ್ಲಿ ಸಡಿಲ ಅಳೆದೆ. ಎಲ್ಲೂ ಬಿಗಿ ಹಿಡಿಯಲಿಲ್ಲ. ಆಮೇಲೆ ಸ್ವಿಂಗ್‌ಆರ್ಮ್‌ಗೆ, ಅಂದರೆ ಹಿಂದಿನ ಚಕ್ರವನ್ನು ಹಿಡಿದಿರುವ ತೋಳಿಗೆ, ಒಂದು ಕೇಬಲ್ ಟೈ ಕಟ್ಟಿ, ಅದರ ತುದಿ ರಿಮ್ಮಿಗೆ ತಾಗೀ ತಾಗದಂತೆ ಕತ್ತರಿಸಿದೆ. ಚಕ್ರ ತಿರುಗಿಸಿದರೆ ರಿಮ್ ನೆಟ್ಟಗಿತ್ತು. ತುದಿಯನ್ನು ಟೈರಿನ ಮೇಲ್ಮೈ ಹತ್ತಿರ ಇಟ್ಟಾಗ ಮಾತ್ರ ಸುತ್ತಿಗೊಮ್ಮೆ ಉಜ್ಜುತ್ತಿತ್ತು.

ರಿಮ್ ಸರಿ ಇದ್ದು ಟೈರ್ ಎಗರಿದರೆ ಟೈರಿನ ಅಂಚು ನೋಡಬೇಕು. ರಿಮ್ಮಿನ ಪಕ್ಕ ಟೈರಿನ ಸುತ್ತಲೂ ಸಣ್ಣ ಗೆರೆಯೊಂದು ಇರುತ್ತೆ. ಅದು ಎಲ್ಲ ಕಡೆ ಒಂದೇ ದೂರದಲ್ಲಿ ಕಾಣಬೇಕು. ನನ್ನ ಟೈರಿನಲ್ಲಿ ಅಂಗೈ ಅಗಲದಷ್ಟು ಜಾಗದಲ್ಲಿ ಆ ಗೆರೆ ರಿಮ್ಮಿನೊಳಗೆ ಮುಳುಗಿತ್ತು. ಟೈರ್ ಪೂರ್ತಿ ಕೂತೇ ಇರಲಿಲ್ಲ! ಗಾಳಿ ಬಿಡಿಸಿ, ಅಂಚಿಗೆ ಸೋಪಿನ ನೀರು ಸವರಿ, ಟೈರಿನ ಮಿತಿ ಮೀರದಂತೆ ಮತ್ತೆ ಗಾಳಿ ತುಂಬಿಸಿದೆ. ಠಪ್ ಅಂತ ಕೂತಿತು. ಬ್ಯಾಲೆನ್ಸಿಂಗ್ ಕೂಡ ಆಮೇಲೇ ಮಾಡಿಸಿದೆ. ಸರಿಯಾಗಿ ಕೂರದ ಟೈರಿಗೆ ತೂಕ ಅಂಟಿಸಿ ಪ್ರಯೋಜನವಿಲ್ಲ.

ಧಡಧಡ ಹೋದ ಮೇಲೆ, ಅದರಡಿ ಅಡಗಿದ್ದ ಇನ್ನೊಂದು ಹೊರಬಂತು. 4,500ರ ಹತ್ತಿರ ಫುಟ್‌ರೆಸ್ಟ್ ಜುಮ್ ಅನ್ನುತ್ತಿತ್ತು. ಕ್ಲಚ್ ಹಿಡಿದರೆ ಮಾಯ, ಗೇರ್ ಬದಲಿಸಿದರೆ ಬೇರೆ ವೇಗದಲ್ಲಿ ಹಾಜರ್. ಇದು ಎಂಜಿನ್ನಿನದೇ. ಸಿಂಗಲ್ ಸಿಲಿಂಡರ್‌ನಲ್ಲಿ ಸ್ವಲ್ಪ ಜುಮ್ ಸಹಜ, ಆದರೆ ಇದು ಮೊದಲು ಇರಲಿಲ್ಲ. ಟಾರ್ಚ್ ಬಿಟ್ಟು ನೋಡಿದಾಗ ಎಂಜಿನ್ ಕೂರಿಸುವ ಮುಂದಿನ ಬೋಲ್ಟಿನ ವಾಷರ್ ಸುತ್ತ ಪೇಂಟ್ ಸವೆದು ಕಂದು ಪುಡಿ ಕಂಡಿತು. ಲೋಹ ಲೋಹಕ್ಕೆ ಉಜ್ಜಿದ ಗುರುತು ಅದು. ಆ ಒಂದನ್ನೇ ತಿರುಚದೆ ಎಂಜಿನ್ ಬೋಲ್ಟ್‌ಗಳನ್ನೆಲ್ಲ ಸ್ವಲ್ಪ ಸಡಿಲಿಸಿ, ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಕೊಟ್ಟ ಟಾರ್ಕ್‌ಗೆ (ತಿರುಚುವ ಬಲದ ಅಳತೆ) ಟಾರ್ಕ್ ರೆಂಚಿನಲ್ಲಿ ಬಿಗಿದೆ. ಬೋಲ್ಟಿನ ತಲೆಯಿಂದ ಫ್ರೇಮಿನ ತನಕ ಬಿಳಿ ಪೇಂಟಿನ ಗೆರೆ ಎಳೆದಿದ್ದೇನೆ. ಈಗ ಚೈನ್‌ಗೆ ಲ್ಯೂಬ್ ಹಾಕುವಾಗೆಲ್ಲ ಆ ಗೆರೆ ಜರುಗಿದೆಯಾ ಅಂತ ನೋಡುತ್ತೇನೆ.