ಒಬ್ಬಳು ಬಿಟ್ಟ ಮನೆಗೆ ಇನ್ನೊಬ್ಬಳು ಹೋಗದಿರಲಿ: ಮನೆಗೆಲಸದವರು ಸಂಘ ಕಟ್ಟುವುದು ಹೇಗೆ?

ಮಳೆ ಕೈಕೊಟ್ಟಾಗ ಜಗಳೂರು, ಹರಪನಹಳ್ಳಿ ಕಡೆಯಿಂದ ದಾವಣಗೆರೆಗೆ ಬಂದು ಕಸ-ಮುಸುರೆ ಮಾಡುವ ಹೆಣ್ಣುಮಕ್ಕಳು ಸಂಬಳ ಹೆಚ್ಚಿಸಿ ಎಂದರೆ ಸಿಗುವ ಉತ್ತರ ಒಂದೇ: ‘ನೀನಿಲ್ಲದಿದ್ದರೆ ಇನ್ನೊಬ್ಬಳು ಬರ್ತಾಳೆ’. ಆ ಇನ್ನೊಬ್ಬಳೂ ಸಂಘದಲ್ಲಿದ್ದರೆ ಈ ಮಾತು ನಡೆಯದು. ಗಿರಣಿ ಕಾರ್ಮಿಕರ ನಾಯಕ ಪಂಪಾಪತಿಯವರನ್ನು ವಿಧಾನಸಭೆಗೆ ಕಳಿಸಿದ ಊರಿದು. ಆದರೆ ಗಿರಣಿಗೆ ಇದ್ದದ್ದು ಒಂದೇ ಗೇಟು; ಇಲ್ಲಿ ಮನೆಗೊಂದು ಗೇಟು.

ಮೊದಲು ಒಂದು ಬಡಾವಣೆಯ ಎಂಟು-ಹತ್ತು ಮಂದಿ ಸೇರಿ. ಸಂಜೆಯ ಪಾತ್ರೆಗೆ ಹೋಗುವ ಮುಂಚೆ ಸಿಗುವ ಬಿಡುವಿನಲ್ಲಿ ಗುಡಿಕಟ್ಟೆಯ ಮೇಲೆ ಕೂತರೆ ಸಾಕು. ಒಂದೇ ಊರು, ಒಂದೇ ಜಾತಿಯವರು ಮಾತ್ರ ಸೇರಬೇಡಿ. ಹೊರಗುಳಿದವರನ್ನೇ ಕಡಿಮೆ ಸಂಬಳಕ್ಕೆ ಕರೆಯುತ್ತಾರೆ.

ನಂತರ ನೋಟ್‌ಬುಕ್ ತೆರೆಯಿರಿ. ಯಾವ ಮನೆ, ಎಷ್ಟು ಜನ, ಯಾವ ಕೆಲಸ, ಎಷ್ಟು ಸಂಬಳ ಎಂದು ಬರೆದರೆ ಒಂದೇ ಬೀದಿಯ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ಕಸ, ಪಾತ್ರೆ, ಬಟ್ಟೆ, ಅಡುಗೆಗೆ ಬೇರೆ ಬೇರೆ ದರ ಗೊತ್ತುಮಾಡಿ. ಮನೆಗೆಲಸಕ್ಕೆ ಕರ್ನಾಟಕ ಸರ್ಕಾರ 2004ರಲ್ಲೇ ಕನಿಷ್ಠ ವೇತನ ನಿಗದಿ ಮಾಡಿದೆ. ಈಗಿನ ದರಪಟ್ಟಿಯನ್ನು ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ಕೇಳಿ, ಅದಕ್ಕಿಂತ ಕೆಳಗಿಳಿಯಬೇಡಿ. ವಾರದ ರಜೆ ಕೇಳಿ. ದುಗ್ಗಮ್ಮನ ಜಾತ್ರೆಗೆ ನೆಂಟರು ತುಂಬಿದಾಗ ಮುಸುರೆ ರಾಶಿ ಬೀಳುತ್ತದಲ್ಲ, ಆ ದಿನಗಳ ಕೂಲಿಯನ್ನು ಮುಂಚೆಯೇ ಮಾತಾಡಿ.

ಸಂಬಳ ಕೇಳಿದ್ದಕ್ಕೆ ಒಬ್ಬಳನ್ನು ಬಿಡಿಸಿದರೆ, ಅವಳ ಬಾಕಿ ತೀರುವವರೆಗೆ ಆ ಮನೆಗೆ ಯಾರೂ ಹೋಗಬಾರದು. ಇದೇ ಎಲ್ಲಕ್ಕಿಂತ ಕಷ್ಟದ್ದು. ಬಾಡಿಗೆ, ಮಕ್ಕಳ ಫೀಸು ತಲೆಮೇಲಿರುವಾಗ ಸಿಕ್ಕ ಮನೆ ಬಿಡು ಎನ್ನುವುದು ಸಣ್ಣ ಮಾತಲ್ಲ. ಅದಕ್ಕೇ ತಿಂಗಳಿಗೆ ಇಷ್ಟೆಂದು ಹಣ ಕೂಡಿಸಿಡಿ. ಕೆಲಸ ಕಳೆದುಕೊಂಡವಳ ಮನೆಗೆ ಮೊದಲು ಅಕ್ಕಿ-ಬೇಳೆ ಹೋಗಲಿ.

ಒಡವೆ ಕಾಣೆಯಾದರೆ ಅನುಮಾನ ಕೆಲಸದವಳ ಮೇಲೆಯೇ. ಅಂಥ ಹೊತ್ತಲ್ಲಿ ಅವಳನ್ನು ಒಂಟಿಯಾಗಿ ಬಿಡದೆ ಇಬ್ಬರು ಜೊತೆಗೆ ಹೋಗಿ. ವಿಶೇಷ ಸಂದರ್ಭ ಬಿಟ್ಟರೆ, ಸೂರ್ಯ ಮುಳುಗಿದ ಮೇಲೆ ಬೆಳಗಾಗುವವರೆಗೆ ಪೊಲೀಸರು ಹೆಂಗಸರನ್ನು ಬಂಧಿಸುವಂತಿಲ್ಲ. ಅಂಥ ವಿಶೇಷ ಸಂದರ್ಭದಲ್ಲೂ ಮಹಿಳಾ ಪೊಲೀಸ್ ಅಧಿಕಾರಿ ಮೊದಲೇ ಮ್ಯಾಜಿಸ್ಟ್ರೇಟರ ಅನುಮತಿ ಪಡೆದಿರಬೇಕು. ಮನೆಯ ಗಂಡಸರು ಮೈಮುಟ್ಟಿ ಕಿರುಕುಳ ಕೊಟ್ಟರೆ ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಮನೆಗೆಲಸದವರಿಗೂ ಅನ್ವಯಿಸುತ್ತದೆ. ಮೂರು ತಿಂಗಳೊಳಗೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬೇಕು. ಬರೆಯಲು ಬಾರದಿದ್ದರೆ ಬರೆಸಿಕೊಡುವ ಹೊಣೆ ಸಮಿತಿಯದೇ.

ಕಾಗದಪತ್ರದ ಕೆಲಸಕ್ಕೂ ಗುಂಪಾಗಿಯೇ ಹೋಗಿ. ಆಧಾರ್, ಬ್ಯಾಂಕ್ ಪಾಸ್‌ಬುಕ್, ಮೊಬೈಲ್ ಹಿಡಿದು ಅಸಂಘಟಿತ ಕಾರ್ಮಿಕರ ಸರ್ಕಾರಿ ಪಟ್ಟಿಯಾದ ಇ-ಶ್ರಮ್‌ನಲ್ಲಿ ನೋಂದಣಿ ಮಾಡಿಸಿ. ವಯಸ್ಸು 16ರಿಂದ 59ರೊಳಗಿರಬೇಕು. ರೇಷನ್ ಕಾರ್ಡ್ ಊರಿನದಾದರೂ ಅಕ್ಕಿಯನ್ನು ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲೇ ಪಡೆಯಬಹುದು. ಅಂಗಡಿಯವರು ತಕರಾರು ತೆಗೆದರೆ ಮರುದಿನ ಐದಾರು ಮಂದಿ ಒಟ್ಟಿಗೆ ಹೋಗಿ ಕೇಳಿ.