ಕೆಮಿಕಲ್ ಪ್ಲಾಂಟಿನಲ್ಲಿ ದೊಡ್ಡ ಅಪಾಯ ಹುಡುಕುವುದು ಹೇಗೆ?

ಕೆಮಿಕಲ್ ಫ್ಯಾಕ್ಟರಿಯಲ್ಲಿ ಜಾರುವ ನೆಲ, ಮುರಿದ ಏಣಿ ಯಾರ ಕಣ್ಣಿಗಾದರೂ ಬೀಳುತ್ತವೆ. ಊರನ್ನೇ ಖಾಲಿ ಮಾಡಿಸುವ ಅಪಾಯ ಇರುವುದು ಪೈಪಿನೊಳಗೆ, ಟ್ಯಾಂಕಿನೊಳಗೆ. ಅದನ್ನು ಹುಡುಕಲು ಹ್ಯಾಜಾಪ್ (ಹ್ಯಾಜರ್ಡ್ ಅಂಡ್ ಆಪರಬಿಲಿಟಿ ಸ್ಟಡಿ) ಎಂಬ ವಿಧಾನವಿದೆ. 1960ರ ದಶಕದಲ್ಲಿ ಬ್ರಿಟನ್ನಿನ ಐಸಿಐ ಕಂಪನಿಯಲ್ಲಿ ರೂಪುಗೊಂಡಿದ್ದು. ಹೆಸರು ದೊಡ್ಡದು, ಕೆಲಸ ಮಾತ್ರ ಪೆದ್ದುಪೆದ್ದಾಗಿ ಪ್ರಶ್ನೆ ಕೇಳುವುದು.

ಮೊದಲು ಪಟ್ಟಿ ಮಾಡಿ: ಏನಿದೆ, ಎಷ್ಟಿದೆ, ಯಾವುದಕ್ಕೆ ಯಾವುದು ತಾಗಬಾರದು. ನೀರು, ಗಾಳಿ, ತುಕ್ಕು ಕೂಡ ಪಟ್ಟಿಯಲ್ಲಿರಲಿ. 1984ರ ಡಿಸೆಂಬರ್ 2ರ ರಾತ್ರಿ ಭೋಪಾಲ್‌ನಲ್ಲಿ ಸುಮಾರು 40 ಟನ್ ಮೀಥೈಲ್ ಐಸೋಸಯನೇಟ್ ಎಂಬ ವಿಷ ಇದ್ದ ಟ್ಯಾಂಕಿಗೆ ಸೇರಿದ್ದು ಬರೀ ನೀರು.

ಆಮೇಲೆ ಪೈಪ್‌ಲೈನ್ ಡ್ರಾಯಿಂಗ್ ಹಿಡಿದು ಲೈನ್ ಉದ್ದಕ್ಕೂ ನಡೆಯಿರಿ. ಡ್ರಾಯಿಂಗ್‌ನಲ್ಲಿ ಇಲ್ಲದ ವಾಲ್ವ್ ಒಂದಾದರೂ ಸಿಗಬಹುದು.

ಈಗ ಅಸಲಿ ಕೆಲಸ. ಒಂದು ತುಂಡು ಲೈನ್ ಅಥವಾ ಒಂದು ರಿಯಾಕ್ಟರ್ (ಕೆಮಿಕಲ್‌ಗಳನ್ನು ಬೆರೆಸುವ ಪಾತ್ರೆ) ಆರಿಸಿಕೊಳ್ಳಿ. ಹರಿವು, ಬಿಸಿ, ಒತ್ತಡ, ಮಟ್ಟ, ಕಲಕುವುದು, ಹೀಗೆ ಒಂದೊಂದಕ್ಕೂ ಈ ಪದಗಳನ್ನು ಹಚ್ಚಿ ನೋಡಿ: ಇಲ್ಲ, ಜಾಸ್ತಿ, ಕಡಿಮೆ, ಉಲ್ಟಾ. ಬೆರೆತರೆ ಬಿಸಿಯಾಗುವ ಎರಡು ಕೆಮಿಕಲ್ ಇವೆ ಅಂದುಕೊಳ್ಳಿ. ಒಂದು ರಿಯಾಕ್ಟರ್‌ನಲ್ಲಿದೆ, ಇನ್ನೊಂದನ್ನು ಪಂಪ್ ಸ್ವಲ್ಪಸ್ವಲ್ಪವೇ ಬಿಡುತ್ತಿದೆ. ‘ಕಲಕುವುದು ಇಲ್ಲ’ ಅಂದರೆ? ಸ್ಟರರ್ ನಿಂತಿತು, ಪಂಪ್ ನಿಲ್ಲಲಿಲ್ಲ. ಸರಿಯಾಗಿ ಬೆರೆಯುತ್ತಿಲ್ಲ, ಹಾಗಾಗಿ ಬಿಸಿಯೂ ಏರುತ್ತಿಲ್ಲ. ಮೀಟರ್ ನೋಡಿದರೆ ಎಲ್ಲ ತಣ್ಣಗೆ! ಅರ್ಧ ಗಂಟೆ ಬಿಟ್ಟು ಯಾರೋ “ಅಯ್ಯೋ, ನಿಂತಿದೆಯಲ್ಲ” ಎಂದು ಸ್ವಿಚ್ ಒತ್ತುತ್ತಾರೆ. ಅಲ್ಲಿವರೆಗೆ ಸೇರಿದ್ದೆಲ್ಲ ಒಮ್ಮೆಲೇ ಬೆರೆಯುತ್ತದೆ. ಅಷ್ಟು ಬಿಸಿಯನ್ನು ಎಳೆದುಕೊಳ್ಳಲು ಕೂಲಿಂಗ್ ನೀರಿಗೆ ಆಗುವುದಿಲ್ಲ. ಸ್ಟರರ್ ನಿಂತಾಗಲ್ಲ, ಮತ್ತೆ ತಿರುಗಿದಾಗ ಅನಾಹುತ. ಸ್ಟರರ್ ನಿಂತರೆ ಪಂಪ್ ತಾನಾಗಿಯೇ ನಿಲ್ಲುವಂತೆ ಇಂಟರ್‌ಲಾಕ್ ಬೇಕು ಎಂದು ಅಲ್ಲೇ ಬರೆದುಕೊಳ್ಳಿ.

ಈ ಪ್ರಶ್ನೆಗಳನ್ನು ಒಟ್ಟಿಗೆ ಕೂತು ಕೇಳುವ ಕೂಟದಲ್ಲಿ ನೈಟ್ ಶಿಫ್ಟ್ ಆಪರೇಟರ್ ಇರಲೇಬೇಕು. ಡಿಸೈನ್ ಮಾಡಿದವರು “ಹಾಗೆಲ್ಲ ಆಗಲ್ಲ” ಎಂದಾಗ, “ಹೋದ ತಿಂಗಳು ಆಗಿತ್ತು ಸರ್” ಅನ್ನುವವರು ಅವರೇ ಅಲ್ವಾ?

“ಅದಕ್ಕೆ ರಕ್ಷಣೆ ಇದೆ” ಎಂಬ ಉತ್ತರ ಬಂದರೆ ಎದ್ದು ಹೋಗಿ ನೋಡಿ. ಭೋಪಾಲ್‌ನಲ್ಲೂ ಇತ್ತು. ಟ್ಯಾಂಕ್ ತಣ್ಣಗಿಡುವ ಯಂತ್ರ ತಿಂಗಳುಗಳಿಂದ ಬಂದ್ ಆಗಿತ್ತು. ಅನಿಲ ಸುಡುವ ಗೋಪುರದ ಪೈಪನ್ನು ರಿಪೇರಿಗೆಂದು ಬಿಚ್ಚಿಟ್ಟಿದ್ದರು.

ಇನ್ನು, ನಿಂತ ಪ್ಲಾಂಟಿಗೂ ಇವೇ ಪ್ರಶ್ನೆಗಳನ್ನು ಕೇಳಿ. 2020ರ ಮೇ 7ರ ನಸುಕಿನಲ್ಲಿ ವಿಶಾಖಪಟ್ಟಣದಲ್ಲಿ ಪ್ಲಾಸ್ಟಿಕ್ ಮಾಡಲು ಬಳಸುವ ಸ್ಟೈರೀನ್ ಸೋರಿದಾಗ ಲಾಕ್‌ಡೌನ್‌ನಿಂದಾಗಿ ಉತ್ಪಾದನೆ ನಿಂತಿತ್ತು. ಟ್ಯಾಂಕಿನಲ್ಲಿ ಸುಮ್ನೆ ಕೂತಿದ್ದ ಸ್ಟೈರೀನೇ ಒಳಗೊಳಗೆ ಬಿಸಿಯಾಗುತ್ತಾ ಹೋಗಿತ್ತು.