ಸೇಫ್ಟಿ ನೋಡೋದಾದರೆ ಓಟಿ ಹೊತ್ತಿಗೆ ಬನ್ನಿ

ಬೆಳಗ್ಗೆ ಒಂಬತ್ತಕ್ಕೆ ಕಸ ಗುಡಿಸಿ ಊದುಬತ್ತಿ ಹಚ್ಚಿದ ಶೆಡ್ಡಿನಲ್ಲಿ ಯಾವ ಅಪಾಯವೂ ಕಣ್ಣಿಗೆ ಬೀಳಲ್ಲ. ಪೀಣ್ಯದಲ್ಲಿ ತಗಡು ಒತ್ತಿ ಪೀಸ್ ಮಾಡುವ ಪ್ರೆಸ್ ಶಾಪ್‌ಗಳಲ್ಲಿ 22 ವರ್ಷ ದುಡಿದವನು ನಾನು. ಸುತ್ತು ಹಾಕೋದು ಸಂಜೆ, ಓಟಿ (ಓವರ್‌ಟೈಮ್) ಶುರುವಾಗಿ, ರಾತ್ರಿಯೇ ಲೋಡ್ ಹೋಗಬೇಕು ಅಂತ ಎಲ್ಲರೂ ಗಡಿಬಿಡಿಯಲ್ಲಿರುವಾಗ.

ಮೊದಲು ಹುಡುಕಬೇಕಾದ್ದು ಹುಡುಗರು ಮಾಡಿಕೊಂಡ 'ಅಡ್ಜಸ್ಟ್‌ಮೆಂಟ್'. ಕೈ ಒಳಗೆ ಹೋಗದ ಹಾಗೆ ಯಂತ್ರಕ್ಕೆ ಹಾಕಿದ್ದ, ಈಗ ತಂತಿಯಿಂದ ಎತ್ತಿ ಕಟ್ಟಿದ ಗಾರ್ಡ್, ಪ್ಲಗ್ ಇಲ್ಲದೆ ಸಾಕೆಟ್ಟಿಗೆ ತುರುಕಿದ ವೈರು, ಅದು ಬೀಳದಿರಲಿ ಅಂತ ಸಿಗಿಸಿದ ಬೆಂಕಿಕಡ್ಡಿ. ಬೈದು ಕಿತ್ತು ಹಾಕಿದರೆ ನಾಳೆ ಮತ್ತೆ ಅಲ್ಲೇ ಇರುತ್ತೆ. "ಯಾಕಪ್ಪಾ ಎತ್ತಿ ಕಟ್ಟಿದೀಯ?" ಅಂತ ಒಬ್ಬನನ್ನ ಕೇಳಿದೆ. "ಅಣ್ಣಾ, ಗಾರ್ಡ್ ಇಳಿಸಿದ್ರೆ ಪೀಸ್ ಕೂತಿದ್ಯೋ ಇಲ್ವೋ ಕಾಣಲ್ಲ" ಅಂದ. ತಗಡಿನ ಗಾರ್ಡ್ ತೆಗೆಸಿ, ಬೆರಳು ತೂರದಷ್ಟು ಸಂದಿ ಬಿಟ್ಟು ಸರಳಿನದ್ದು ಮಾಡಿಸಿದೆವು. ಮತ್ತೆ ಯಾರೂ ತಂತಿ ಹುಡುಕಲಿಲ್ಲ. ಓಡುವ ಯಂತ್ರಕ್ಕೆ ಬೇಲಿ ಬೇಕು ಅಂತ ಕಾರ್ಖಾನೆ ಕಾಯ್ದೆ 1948ರಲ್ಲೇ ಹೇಳಿತ್ತು. ಬೇಲಿ ಹಾಕಿದ ಮೇಲೆ ಕೆಲಸ ಕಾಣಬೇಕು ಅನ್ನೋದನ್ನ ಮಾತ್ರ ಹುಡುಗರೇ ಹೇಳಬೇಕು.

ಪವರ್ ಪ್ರೆಸ್ ಹತ್ತಿರ ಜಾಸ್ತಿ ಹೊತ್ತು ನಿಲ್ಲಿ. ತಿರುಗುವ ಫ್ಲೈವೀಲ್ ಅನ್ನೋ ಭಾರದ ಚಕ್ರಕ್ಕೆ ಲೋಹದ ಕೀಯಿಂದ ಜೋಡಿಸುವ ಹಳೆ ಕೀ ಕ್ಲಚ್ ಪ್ರೆಸ್‌ನಲ್ಲಿ ಪೆಡಲ್ ಒಮ್ಮೆ ಒತ್ತಿದರೆ ರ‍್ಯಾಮ್ (ಏಟು ಹೊಡೆಯುವ ಭಾಗ) ಒಂದೇ ಸಲ ಇಳಿದು, ಮೇಲೆ ಹೋಗಿ ನಿಲ್ಲಬೇಕು. ಕೀ ಸವೆದಿದ್ದರೆ, ಸ್ಪ್ರಿಂಗ್ ಸೋತಿದ್ದರೆ, ಬ್ರೇಕಿಗೆ ಎಣ್ಣೆ ಇಳಿದಿದ್ದರೆ ತಾನಾಗಿ ಇನ್ನೊಂದು ಏಟು ಹೊಡೆಯುತ್ತೆ. ನಾವು 'ಡಬಲ್' ಅಂತೀವಿ. ನನ್ನ ಎಡಗೈ ತೋರುಬೆರಳಿನ ತುದಿ ಹೋಗಿದ್ದು ಹಾಗೇ, ಪೀಸ್ ತೆಗೆಯುವಾಗ. ಪೀಸ್ ಕೂರಿಸುವ ಅಚ್ಚು, ಅಂದರೆ ಡೈಯಲ್ಲಿ ಏನೂ ಇಡದೆ, ಕೈ ದೂರ ಇಟ್ಟು 20 ಸಲ ಒತ್ತಿಸಿ. ರ‍್ಯಾಮ್ ಒಂದು ಸಲ ಜಾರಿದರೂ ಪ್ರೆಸ್ ಬಂದ್. ಮೇನ್ ಸ್ವಿಚ್ಚಿಗೆ ಬೀಗ, ಬೀಗದ ಕೈ ರಿಪೇರಿ ಮಾಡುವ ಫಿಟ್ಟರ್ ಜೇಬಿಗೆ. 20 ಏಟೂ ಸರಿಯಾಗಿ ಬಿತ್ತು ಅಂತ ಗಾರ್ಡ್ ಇಲ್ಲದೆ ಓಡಿಸೋ ಹಾಗಿಲ್ಲ. ಪೆಡಲ್ ಮೇಲೆ ಕವರ್ ಇಲ್ಲದಿದ್ದರೆ ಸ್ಪ್ಯಾನರ್ ಬಿದ್ದರೂ ಪ್ರೆಸ್ ಹೊಡೆಯುತ್ತೆ. ಡೈ ಬದಲಿಸುವವರನ್ನೂ ಗಮನಿಸಿ: ಮೋಟರ್ ಆಫ್ ಮಾಡಿದ ಮೇಲೂ ಫ್ಲೈವೀಲ್ ಸುಮಾರು ಹೊತ್ತು ತಿರುಗುತ್ತಲೇ ಇರುತ್ತೆ.

ಬೆಂಚ್ ಗ್ರೈಂಡರ್‌ನಲ್ಲಿ ಪೀಸ್ ಊರಿ ಹಿಡಿಯುವ ಟೂಲ್ ರೆಸ್ಟ್‌ಗೂ ವೀಲ್‌ಗೂ 3 ಮಿ.ಮೀ.ಗಿಂತ ಹೆಚ್ಚು ಸಂದಿ ಬೇಡ. ಹೊಸ ವೀಲ್ ಹಾಕುವ ಮುಂಚೆ ಬೆರಳಿಗೆ ನೇತುಹಾಕಿ, ಮರದ ಹಿಡಿಯಿಂದ ಮೆಲ್ಲಗೆ ತಟ್ಟಿ. ಗಂಟೆಯ ಹಾಗೆ ನಾದ ಬರಬೇಕು, ಮಂಕಾದ ಸದ್ದು ಬಂದರೆ ಬಿರುಕಿದೆ. ಕರೆಂಟ್ ಬೋರ್ಡಿನಲ್ಲಿ, ಕರೆಂಟ್ ಸೋರಿದರೆ ಸಪ್ಲೈ ಕಡಿಯುವ ಇಎಲ್‌ಸಿಬಿಯ ಟೆಸ್ಟ್ ಬಟನ್ ಒತ್ತಿ, ಟ್ರಿಪ್ ಆಗದಿದ್ದರೆ ಅದು ಬರೀ ಶೋಗೆ.

"ಪ್ರೆಸ್ ಸರಿಯಿಲ್ಲ" ಅಂತ ಬರೆದರೆ ಯಾರ ತಲೆಗೂ ಹೋಗಲ್ಲ. "3ನೇ ಪ್ರೆಸ್, ಪೆಡಲ್ ಕವರ್ ಇಲ್ಲ, ಫಿಟ್ಟರ್, ಗುರುವಾರದೊಳಗೆ" ಅಂತ ಬರೀರಿ. ಗುರುವಾರ ಸಂಜೆ ಹೋಗಿ ಆ ಕವರನ್ನ ಕೈಯಾರೆ ಮುಟ್ಟಿ ನೋಡಿ. ಪುಸ್ತಕದಲ್ಲಿ ಬಿದ್ದ ಟಿಕ್ ಮಾರ್ಕನ್ನ ನಾನಂತೂ ನಂಬಲ್ಲ.